ಅಕ್ಕನ ಹಿಡಿತ

ಮಾರ್ಚ್ ೧೪, ಗುರುವಾರ

ಸೋಮವಾರದಿಂದ ಕೆಲಸಕ್ಕೆ ಬರುತ್ತೇನೆಂದು ಅಕ್ಕ ಟೈಲರ್ ಅಂಗಡಿಗೆ ಹೇಳಿ ಬಂದಿದ್ದಾಳೆ. ತಪ್ಪು ನನ್ನದೇ.

ಲಕ್ವ ಹೊಡೆದ ಅವಳ ಬಲಗೈಗೆ ಮುಟ್ಟಿದ್ದು ತಿಳಿಯುವುದಿಲ್ಲ. ದಿನಾ ಬೆಳಿಗ್ಗೆ ನನ್ನ ಬೆರಳು ಹಿಂಡುತ್ತಾಳೆ, ಹಿಡಿತ ಎಷ್ಟು ಬಂತೆಂದು ನಾನು ಹೇಳಬೇಕು. ಆರು ತಿಂಗಳಿಂದ "ನಿನ್ನೆಗಿಂತ ಒಂಚೂರು ಜಾಸ್ತಿ" ಎಂದೇ ಹೇಳಿದ್ದೇನೆ. ಮೊದಲ ತಿಂಗಳು ಅದು ನಿಜವೇ ಆಗಿತ್ತು. ಲೋಟ ಜಾರಿ ಬಿದ್ದರೂ ಅವಳು ನಂಬುವುದು ನನ್ನ ಮಾತನ್ನೇ.

ಇವತ್ತು ಅವಳು ನಗಲಿ ಎಂದು, "ಅಯ್ಯೋ ಬಿಡಕ್ಕಾ, ಮೂಳೆ ಮುರೀತೀಯಾ!" ಎಂದು ಕೂಗಿದೆ.

"ನೋಡಿದ್ಯಾ? ಇನ್ನು ದೊಡ್ಡ ಕತ್ತರೀನೇ ಹಿಡೀತೀನಿ ಕಣೇ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಕಣ್ಣು ಮುಚ್ಚಿಕೊಂಡಿದ್ದರೆ ಅವಳು ಹಿಂಡಿದ್ದೇ ನನಗೆ ತಿಳಿಯುತ್ತಿರಲಿಲ್ಲ.

ನಾಳೆ ಮತ್ತೆ ಕೈ ಚಾಚುತ್ತಾಳೆ. ನಿಜ ಹೇಳಿದರೆ ಹಿಂಡುವುದನ್ನೇ ಬಿಟ್ಟಾಳು. ಹೇಳದಿದ್ದರೆ ಸೋಮವಾರ ಎಲ್ಲರೆದುರು ಅವಳು ಕತ್ತರಿ ಎತ್ತಲು ಹೋಗಿ…