ಹಗುರದ್ದು, ಒಂದೇ ಬಟನ್ ಇರುವುದು

ಫೆಬ್ರವರಿ ೨, ಸೋಮವಾರ

ಬೆಳಗಿನ ಬ್ಯಾಚ್‌ನಲ್ಲಿ ಮೂವರು. ಇಬ್ಬರು ಇನ್ನೂ ಕ್ಲಚ್ ಬಿಡುವುದರಲ್ಲೇ ಇದ್ದಾರೆ. ಮೂರನೆಯವರು ದರ್ಜಿ, ಐವತ್ತು ದಾಟಿದವರು. ಬಟ್ಟೆ ಜಾರಿಹೋಗುತ್ತದೇನೋ ಎಂಬಂತೆ ಸ್ಟೀರಿಂಗ್ ಹಿಡಿಯುತ್ತಾರೆ.

"ಸಡಿಲ ಬಿಡಿ ಸಾರ್, ಗಾಡಿ ಓಡಿಹೋಗಲ್ಲ" ಅಂದೆ.

"ಓಡೋದಕ್ಕೇ ಅಲ್ವಾ ಮೇಡಂ ಗಾಡಿ ಇರೋದು?"

ನಕ್ಕು ಸಾಕಾಯಿತು. ಇಷ್ಟು ವರ್ಷ ಡ್ರೈವಿಂಗ್ ಕಲಿಸಿದ ಮೇಲೂ ಯಾರಾದರೊಬ್ಬರು ಹೀಗೆ...

ಮಧ್ಯಾಹ್ನ ಅಕ್ಕನ ಫೋನ್. ಏಪ್ರಿಲ್‌ನಲ್ಲಿ ಬೆಟ್ಟ ಹತ್ತುವುದು ಖಾಯಂ. ನಾವಿಬ್ಬರೇ. ಎರಡು ರಾತ್ರಿ ಟೆಂಟಿನಲ್ಲಿ. ಲಂಗ ಹಾಕುತ್ತಿದ್ದ ಕಾಲದಿಂದ ಹೇಳಿಕೊಂಡು ಬಂದದ್ದು. ಮದುವೆ, ಮಕ್ಕಳು, ಅಕ್ಕನ ಪೋಸ್ಟಾಫೀಸು — ಒಂದಲ್ಲ ಒಂದು ಅಡ್ಡ. ಈಗ ಅವಳು ರಿಟೈರ್ ಆಗಿದ್ದಾಳೆ. ನೆಪ ಉಳಿದಿಲ್ಲ.

"ಟೆಂಟು, ಸ್ಟವ್ವು ಎಲ್ಲಾ ನಂದು. ನೀನು ನಿನಗೊಂದು ಹೆಡ್‌ಲ್ಯಾಂಪ್ ತಗೋ, ಸಾಕು. ಹಗುರದ್ದು. ಒಂದೇ ಬಟನ್ ಇರೋದು. ತಲೆ ಕೆಡಿಸ್ಕೋಬೇಡ ಕಣೇ."

ಹಣೆಗೆ ಕಟ್ಟಿಕೊಳ್ಳುವ ಟಾರ್ಚು. ಅದರಲ್ಲಿ ತಲೆ ಕೆಡಿಸಿಕೊಳ್ಳುವುದಕ್ಕೆ ಏನಿದೆ?

ಫೆಬ್ರವರಿ ೭, ಶನಿವಾರ

ಇದೆ. ಬೇಕಾದಷ್ಟಿದೆ.

ಕ್ಯಾಂಪಿಂಗ್ ಸಾಮಾನಿನ ಅಂಗಡಿ. ಒಂದು ಗೋಡೆ ತುಂಬ ಹೆಡ್‌ಲ್ಯಾಂಪು. ಸೆಲ್ ಹಾಕುವುದು, ಚಾರ್ಜ್ ಮಾಡುವುದು, ಎರಡೂ ಆಗುವುದು. ಕೆಂಪು ಬೆಳಕೂ ಇರುವುದು — ಟೆಂಟಿನೊಳಗೆ ಪಕ್ಕದವರ ಕಣ್ಣಿಗೆ ಹೊಡೆಯಬಾರದಂತೆ. ಮಳೆಯಲ್ಲಿ ನೆನೆಯಬಹುದಾದ್ದು. ನೀರಿನಲ್ಲಿ ಮುಳುಗಿದರೂ ಉರಿಯುವುದು. ನಾನೇ ಮುಳುಗಿದ ಮೇಲೆ ಅದು ಉರಿದು ಏನಾಗಬೇಕು?

ಅಂಗಡಿಯವನು ತಾಳ್ಮೆಯ ಮನುಷ್ಯ. "ಸ್ಪಾಟ್ ಬೇಕಾ ಮೇಡಂ, ಫ್ಲಡ್ ಬೇಕಾ?"

"ಬೆಳಕು ಬೇಕು."

"ಅದು ಎಲ್ಲದರಲ್ಲೂ ಬರುತ್ತೆ."

ಸ್ಪಾಟ್ ಅಂದರೆ ದೂರಕ್ಕೆ ನೆಟ್ಟಗೆ ಹೋಗುವ ಬೆಳಕು. ಫ್ಲಡ್ ಅಂದರೆ ಹತ್ತಿರದಲ್ಲೇ ಅಗಲಕ್ಕೆ ಹರಡುವ ಬೆಳಕು. ದೂರ ಕಾಣುವುದೇ ಮೇಲಲ್ಲವೇ ಎಂದು ಸ್ಪಾಟ್ ಅಂದೆ. ಲ್ಯುಮೆನ್ ಅಂದರೆ ಬೆಳಕಿನ ಅಳತೆಯಂತೆ. ನಡೆಯಲು ಇನ್ನೂರು ಧಾರಾಳ, ಜಾಸ್ತಿಯಾದಷ್ಟೂ ತೂಕ ಅಂದ. ಇನ್ನೂರರದ್ದನ್ನು ಅಂಗೈಯಲ್ಲಿಟ್ಟ. ಕೋಳಿಮೊಟ್ಟೆಗಿಂತ ತುಸು ಭಾರ. ಒಂದೇ ಬಟನ್. ಅಕ್ಕ ಹೇಳಿದ್ದು ಇದನ್ನೇ. ಕೊಂಡುಕೊಂಡೆ.

ಮನೆಯ ಹಿಂದಿನ ಸಾಮಾನು ಕೋಣೆಗೆ ಕಿಟಕಿಯಿಲ್ಲ. ಇವರು ರಿಪೇರಿಗೆ ತಂದ ವಾಷಿಂಗ್ ಮಷೀನುಗಳನ್ನು ಅಲ್ಲೇ ಇಡುವುದು. ಬಾಗಿಲು ಹಾಕಿಕೊಂಡು ಲ್ಯಾಂಪ್ ಹಚ್ಚಿದೆ. ಎದುರು ಗೋಡೆಯ ಮೇಲೆ ಒಂದು ಉಂಡೆ ಬೆಳಕು. ಅಷ್ಟೇ. ಎರಡು ಹೆಜ್ಜೆ ಇಡುವಷ್ಟರಲ್ಲಿ ಮಷೀನಿನ ಡ್ರಮ್ಮು ಮೊಣಕಾಲಿಗೆ ಬಡಿಯಿತು.

ಇದು ಇನ್ನೂರಾ? ಡಬ್ಬಿಯ ಮೇಲೆ ಏನು ಬೇಕಾದರೂ ಬರೆಯುತ್ತಾರೆ.

ಫೆಬ್ರವರಿ ೯, ಸೋಮವಾರ

ಬದಲಾಯಿಸಿಕೊಂಡು ಬಂದೆ. ಅಂಗಡಿಯವನು ಹಳೆಯದನ್ನು ಕೌಂಟರ್ ಕೆಳಗೆ ಹಿಡಿದು ಹಚ್ಚಿ ನೋಡಿದ. "ಚೆನ್ನಾಗೇ ಇದೆಯಲ್ಲ ಮೇಡಂ?" ಅಂದ. ವಾದ ಮಾಡಲಿಲ್ಲ, ಪಾಪ. ನಾನೂರರದ್ದು ಕೊಟ್ಟ. ಚಾರ್ಜ್ ಮಾಡುವಂಥದ್ದು. ಒಮ್ಮೆ ಒತ್ತಿದರೆ ಮಂದ, ಎರಡು ಸಲ ಒತ್ತಿದರೆ ಜೋರು, ಒತ್ತಿ ಹಿಡಿದರೆ ಮಿಣಮಿಣ. ಯಾವಾಗ ಒತ್ತಿದರೂ ನನಗೆ ಮಿಣಮಿಣವೇ ಬರುತ್ತದೆ.

ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಆಂಬುಲೆನ್ಸ್ ಥರ ಕಾಣ್ತಿದ್ದೀಯ."

ಸಾಮಾನು ಕೋಣೆಯಲ್ಲಿ ಮತ್ತೆ ಅದೇ ಕಥೆ. ಉಂಡೆ ಸ್ವಲ್ಪ ಬೆಳ್ಳಗಾಗಿದೆ, ದೊಡ್ಡದಾಗಿಲ್ಲ. ಸುತ್ತ ಕತ್ತಲೆಯೇ. ತಲೆಬುಡ ಅರ್ಥವಾಗುತ್ತಿಲ್ಲ.

ಫೆಬ್ರವರಿ ೨೧, ಶನಿವಾರ

ಮೂರನೆಯದು. ಎಂಟುನೂರು! ಬ್ಯಾಟರಿ ಪೆಟ್ಟಿಗೆ ತಲೆಯ ಹಿಂದೆ, ನೆತ್ತಿಯ ಮೇಲೆ ಇನ್ನೊಂದು ಪಟ್ಟಿ. ಗಣಿಗೆ ಇಳಿಯುವವಳ ಹಾಗಿದ್ದೇನೆ. ಕತ್ತು ನೋಯುತ್ತಿದೆ. ಹಗುರದ್ದು ಅಂದಿದ್ದಳು ಅಕ್ಕ. ಅವಳಿಗೆ ಏನು ಹೇಳಲಿ?

ಕೋಣೆಯಲ್ಲಿ ಹಚ್ಚಿಕೊಂಡು ನಿಂತಿದ್ದೆ. ಮಗಳು ಬಾಗಿಲು ತೆಗೆದವಳೇ ಕಿರುಚಿದಳು. "ಅಯ್ಯೋ, ಆರಿಸಮ್ಮಾ, ಕಣ್ಣು ಕುಕ್ತಿದೆ!"

"ಅಷ್ಟು ಜೋರಿದೆಯಾ?"

"ಪಕ್ಕದ ಮನೆಗೂ ಕಾಣುತ್ತೆ."

ಇವರಿಗೆ ಒಂದು ಸ್ಕ್ರೂ ಬೇಕಾಗಿತ್ತಂತೆ, ಹುಡುಕಲು ಬಂದಿದ್ದಾಳೆ. ಫೋನಿನ ಪುಟ್ಟ ಲೈಟಿನಲ್ಲಿ ನೆಲದ ಮೇಲಿದ್ದುದನ್ನು ಥಟ್ಟನೆ ಎತ್ತಿಕೊಂಡಳು. "ನಿನ್ನ ಕಾಲ ಹತ್ರಾನೇ ಬಿದ್ದಿತ್ತಲ್ಲ."

ಬಿದ್ದಿತ್ತೇ?

ಅವಳು ಹೋದ ಮೇಲೆ ಅದೇ ಜಾಗವನ್ನು ನೋಡುತ್ತ ನಿಂತೆ. ನೆಟ್ಟಗೆ ನೋಡಿದರೆ ನೆಲ ಕಾಣುತ್ತದೆ. ಸ್ವಲ್ಪ ಮುಖ ತಿರುಗಿಸಿದರೆ ಇಲ್ಲ. ಲ್ಯಾಂಪಿನ ಗಾಜೇ ಸರಿಯಿಲ್ಲವೇನೋ. ಮೂರಕ್ಕೆ ಮೂರೂ ಸರಿಯಿಲ್ಲವೇ?

ಮಾರ್ಚ್ ೫, ಗುರುವಾರ

ಇದನ್ನು ಬರೆಯಬೇಕೋ ಬೇಡವೋ.

ಸಂಜೆ ಬ್ಯಾಚ್ ಕಲಿಸುವವರು ರಜೆ ಹಾಕಿದ್ದರಿಂದ, ಈಗ ಸಂಜೆಗೆ ಬದಲಾಯಿಸಿಕೊಂಡಿರುವ ದರ್ಜಿಯವರ ಕ್ಲಾಸು ನನ್ನ ಪಾಲಿಗೆ ಬಂತು. ಬೀದಿ ದೀಪ ಆಗಷ್ಟೇ ಹತ್ತಿಕೊಳ್ಳುತ್ತಿತ್ತು. ಕಾಲೇಜಿನ ಕಾಂಪೌಂಡ್ ಪಕ್ಕ ನಿಧಾನವಾಗಿ ಹೋಗುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಗಕ್ಕನೆ ಬ್ರೇಕ್. ಹಣೆ ಡ್ಯಾಶ್‌ಬೋರ್ಡಿಗೆ ತಾಗುವುದೊಂದು ಬಾಕಿ. ಬಾನೆಟ್ಟಿನ ಮುಂದೆ ಸೈಕಲ್ಲು. ಅದರ ಕ್ಯಾರಿಯರ್ ಮೇಲೆ ಸ್ಕೂಲ್ ಬ್ಯಾಗು. ಸೈಕಲ್ಲಿನ ಹೆಂಗಸು ಬೈದುಕೊಂಡು ಹೋದಳು.

ಬಂದದ್ದು ಎಡಗಡೆಯಿಂದ. ನಾನು ಕೂತ ಕಡೆಯಿಂದ. ನನ್ನ ಕಾಲಡಿಯಲ್ಲೂ ಒಂದು ಬ್ರೇಕಿದೆ. ಅದರ ಮೇಲೆ ಕಾಲಿಟ್ಟೇ ಕೂತಿದ್ದೆ.

"ನೀವು ನೋಡ್ಲಿಲ್ವಾ ಮೇಡಂ?"

ಬಾಯಿ ತಾನಾಗಿ ಹೇಳಿತು. "ನೋಡ್ದೆ ಸಾರ್. ನೀವು ನೋಡ್ತೀರೋ ಇಲ್ವೋ ಅಂತ ಸುಮ್ಮನಿದ್ದೆ."

ಅವರ ಮುಖ ಅರಳಿತು. ಆಫೀಸಿಗೆ ಬಂದು ಸ್ಕೂಲಿನ ಯಜಮಾನರ ಮುಂದೆ, ರಿಸೆಪ್ಷನ್ನಿನವಳ ಮುಂದೆ, ಎಲ್ಲರ ಮುಂದೆ ಹೇಳಿಕೊಂಡರು. ಮೇಡಂ ಪರೀಕ್ಷೆ ಮಾಡಿದರು, ನಾನು ಪಾಸಾದೆ ಅಂತ. ಯಜಮಾನರು ನನ್ನ ಕಡೆ ನೋಡಿ ತಲೆದೂಗಿದರು.

ಸೈಕಲ್ ಎಲ್ಲಿಂದ ಬಂತು? ನಾನು ಆ ಕಡೆಯೇ ನೋಡುತ್ತಿರಲಿಲ್ಲವೇ? ಏನೋ ಯೋಚನೆಯಲ್ಲಿದ್ದೆ, ಇರಬೇಕು. ಯಾವ ಯೋಚನೆ?

ಮಾರ್ಚ್ ೮, ಭಾನುವಾರ

ಅಕ್ಕ ಬಂದಿದ್ದಳು. ಬೆನ್ನಿಗೆ ಹೊರೆ ಹಾಕಿಕೊಂಡು ನಡೆದು ಅಭ್ಯಾಸ ಆಗಲಿ ಎಂದು ಸಂಜೆ ಆಟದ ಮೈದಾನಕ್ಕೆ ಎಳೆದುಕೊಂಡು ಹೋದಳು. ಕತ್ತಲಾಗುವ ಹೊತ್ತು. ಇಬ್ಬರೂ ಲ್ಯಾಂಪ್ ಹಚ್ಚಿದೆವು. ನನ್ನದನ್ನು ನೋಡಿ, "ಇದೇನೇ, ರೈಲಿನ ಇಂಜಿನ್ನಾ?" ಅಂದಳು.

ಅವಳು ಸರಸರ ಹೋಗುತ್ತಿದ್ದಳು. ನಾನು ಹಿಂದೆ. ಕಲ್ಲುಬೆಂಚು ಎಲ್ಲಿತ್ತೋ, ಎಡವಿ ಬಿದ್ದೆ. ಎದ್ದು ಹತ್ತು ಹೆಜ್ಜೆ ನಡೆದು ಕಂಬಕ್ಕೆ ಭುಜ ಹೊಡೆದುಕೊಂಡೆ. ಲ್ಯಾಂಪನ್ನು ಬೈದೆ. ಅಕ್ಕ ತನ್ನ ಪುಟ್ಟ ಲ್ಯಾಂಪ್ ಬಿಚ್ಚಿ ನನ್ನ ಹಣೆಗೆ ಕಟ್ಟಿದಳು. ನನ್ನದನ್ನು ತಾನು ಹಾಕಿಕೊಂಡಳು.

"ಈಗ?"

"ನಿಂದೂ ಇಷ್ಟೇನಾ?"

"ಇಷ್ಟೇ ಅಂದ್ರೆ? ನನಗೀಗ ಇಡೀ ಮೈದಾನ ಕಾಣ್ತಿದೆ."

ಅಕ್ಕ ಪಕ್ಕಕ್ಕೆ ಬಂದು ಕೈ ಚಾಚಿದಳು. "ನನ್ನ ಕೈ ಕಾಣುತ್ತಾ?" ಎಲ್ಲಿ ಅಂದೆ. ಅದು ನನ್ನ ಕಿವಿಯ ಪಕ್ಕದಲ್ಲೇ ಇತ್ತಂತೆ. ಮುಂದಕ್ಕೆ ತಂದಳು. ಇನ್ನೂ ಮುಂದಕ್ಕೆ. "ಈಗ?" ಇಲ್ಲ. "ಈಗ?"

ಮನೆಯವರೆಗೂ ನನ್ನ ತೋಳು ಹಿಡಿದೇ ನಡೆದಳು. ನಾನು ಬಿಡಿಸಿಕೊಳ್ಳಲಿಲ್ಲ.

ಮಾರ್ಚ್ ೧೨, ಗುರುವಾರ

ಕಣ್ಣಾಸ್ಪತ್ರೆ. ಇವರೂ ಜೊತೆಗಿದ್ದರು. ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖ ಇಡಬೇಕು. ಚುಕ್ಕಿ ಬೆಳಕು ಕಂಡಾಗೆಲ್ಲ ಗುಂಡಿ ಒತ್ತಬೇಕು. ಬಹಳ ಹೊತ್ತು ಏನೂ ಕಾಣಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ. "ನಡೀತಾ ಇದೆ, ನೀವು ನೋಡ್ತಾ ಇರಿ" ಅಂದರು ಟೆಕ್ನಿಷಿಯನ್.

ಡಾಕ್ಟರಮ್ಮ ಕಾಗದದ ಮೇಲೆ ತೋರಿಸಿದರು. ನಡುವೆ ಬಿಳಿ. ಸುತ್ತಲೂ ಕಪ್ಪು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಸವೆಯುತ್ತಿದೆಯಂತೆ. ಮಂದ ಬೆಳಕಿನಲ್ಲಿ ಕಾಣುವುದು ಮೊದಲು ಹೋಗುತ್ತದೆ, ಆಮೇಲೆ ಪಕ್ಕದ ನೋಟ. ನಿಧಾನ. ಎಷ್ಟು ನಿಧಾನ ಎಂದು ಹೇಳಲಾಗದು. ಗುಣಪಡಿಸುವ ಔಷಧಿ ಇಲ್ಲ.

"ಇರುಳುಗುರುಡು ಅಂತಾರಲ್ಲ, ಅದಾ?" ಅಂತ ಇವರು ಕೇಳಿದರು.

"ಅದರಿಂದ ಶುರುವಾಗುತ್ತೆ."

ಏನು ಕೆಲಸ ಮಾಡುತ್ತೀರಿ ಅಂದರು. ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಮಾರ್ಚ್ ೨೬, ಗುರುವಾರ

ಈ ದಿನಗಳಲ್ಲಿ ಏನೂ ಬರೆಯಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಜ್ವರ ಅಂದಿದ್ದೆ.

ಇವತ್ತು ಹೋದೆ. ಯಜಮಾನರಿಗೆ ಎಲ್ಲ ಹೇಳಿದೆ, ಸೈಕಲ್ಲಿನದೂ ಸೇರಿಸಿ. ಕಾರಿನ ಕೀ ಮೇಜಿನ ಮೇಲಿಟ್ಟೆ. ಅವರು ಕೀಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೊನೆಗೆ, "ರಸ್ತೆ ನಿಯಮದ ಕ್ಲಾಸು ತಗೊಳ್ಳಿ. ನಿಮ್ಮ ಹಾಗೆ ಹೇಳಿಕೊಡೋರು ಯಾರಿದ್ದಾರೆ?" ಅಂದರು. ಒಳ್ಳೆಯ ಮಾತು. ಕೋಪ ಬಂತು. ಯಾರ ಮೇಲೆ? ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ. ನಿರಾಳವೂ ಆಯಿತು. ಬಸ್‌ಸ್ಟಾಪಿನಲ್ಲಿ ಅಳುವೂ ಬಂತು. ಎರಡರಲ್ಲಿ ಯಾವುದು ನಿಜ ಅಂತ ನನಗೇ ತಿಳಿಯಲಿಲ್ಲ.

ಮಾರ್ಚ್ ೨೯, ಭಾನುವಾರ

ಮನೆಯಲ್ಲಿ ಹಿಂದೆ ಯಾರಿಗಾದರೂ ಇತ್ತೇ ಎಂದು ಡಾಕ್ಟರಮ್ಮ ಕೇಳಿದ್ದರು. ಇಲ್ಲ ಅಂದಿದ್ದೆ. ಇವತ್ತು ಅಕ್ಕ ಫೋನಿನಲ್ಲಿ ಮೆಲ್ಲಗೆ ಅಂದಳು. "ಅಪ್ಪಂಗೆ ಇತ್ತೇನೋ ಕಣೇ."

ಅಪ್ಪ ಹೊತ್ತು ಮುಳುಗುವ ಮೊದಲೇ ಮನೆಗೆ ಬಂದುಬಿಡುತ್ತಿದ್ದರು. ಶಿಸ್ತಿನ ಮನುಷ್ಯ ಅಂತಿದ್ದರು ಎಲ್ಲರೂ. ಎಂದಾದರೂ ತಡವಾದರೆ ನಮ್ಮಿಬ್ಬರನ್ನೂ ತಮ್ಮ ಅಂಗಡಿಗೆ ಕರೆಸಿಕೊಳ್ಳುತ್ತಿದ್ದರು. ಇಬ್ಬರ ಹೆಗಲ ಮೇಲೂ ಒಂದೊಂದು ಕೈ ಇಟ್ಟುಕೊಂಡು ನಡೆಯುತ್ತಿದ್ದರು. ಬೀದಿಯಲ್ಲಿ ಬೇರೆ ಯಾವ ಅಪ್ಪನೂ ಹಾಗೆ ನಡೆಯುತ್ತಿರಲಿಲ್ಲ. ನಮಗೆ ಜಂಬ.

"ಪ್ರೀತಿ ಅಂದ್ಕೊಂಡಿದ್ವಲ್ಲೇ ಅಕ್ಕ" ಅಂದೆ.

"ಎರಡೂ ಇರಬಹುದಲ್ವಾ" ಅಂದಳು.

ಅವಳೂ ತೋರಿಸಿಕೊಂಡು ಬಂದಿದ್ದಾಳಂತೆ. ಅವಳಿಗೆ ಏನೂ ಇಲ್ಲ. ಅದನ್ನು ಹೇಳುವಾಗ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿದಳು.

ಏಪ್ರಿಲ್ ೨, ಗುರುವಾರ

ಮಗಳಿಗೆ ಹೇಳಿದೆವು. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದವಳು ಹಚ್ಚುತ್ತಲೇ ಇದ್ದಳು.

"ನನಗೂ ಬರುತ್ತಾ?"

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ. "ಗೊತ್ತಿಲ್ಲ ಪುಟ್ಟಾ" ಅಂದೆ. ಬೇರೆ ಏನಾದರೂ ಹೇಳಬಹುದಿತ್ತೇನೋ.

"ಸರಿ, ನೋಡೇ ಬಿಡೋಣ" ಎಂದು ಅವಳೇ ಎದ್ದು ಚಪ್ಪಲಿ ಹಾಕಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಮುಗಿಯಿತು. ಸದ್ಯಕ್ಕೆ ಏನೂ ಇಲ್ಲವಂತೆ. ವರ್ಷಕ್ಕೊಮ್ಮೆ ತೋರಿಸಬೇಕು. ಇವರು ಮೂವರಿಗೂ ಐಸ್‌ಕ್ರೀಮ್ ಕೊಡಿಸಿದರು. ಮಗಳು ನನ್ನದನ್ನೂ ತಿಂದಳು. ಏನೂ ಇಲ್ಲ ಅನ್ನುವುದನ್ನು ಹಿಡಿದುಕೊಳ್ಳಲೋ, ಸದ್ಯಕ್ಕೆ ಅನ್ನುವುದನ್ನೋ?

ಏಪ್ರಿಲ್ ೬, ಸೋಮವಾರ

ಬೆಟ್ಟ ಬೇಡ ಅಂದೆ ಅಕ್ಕನಿಗೆ. ಉಗಿದಳು. "ಹಗಲು ನಡೆಯೋಣ. ಹೊತ್ತು ಮುಳುಗೋಕೆ ಮುಂಚೆ ಟೆಂಟ್ ಹಾಕೋಣ. ಕತ್ತಲಲ್ಲಿ ಬೆಟ್ಟ ಹತ್ತು ಅಂತ ನಿನಗೆ ಹೇಳಿದೋರು ಯಾರು?"

ಆ ಎಂಟುನೂರನ್ನು ಹೊತ್ತುಕೊಂಡು ಮತ್ತೆ ಅಂಗಡಿಗೆ ಹೋದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಂಗಡಿಯವನು ಗಲ್ಲ ಕೆರೆದುಕೊಂಡ. "ಹಾಗಾದ್ರೆ ನಿಮಗೆ ದೂರದ ಬೆಳಕು ಬೇಡ ಮೇಡಂ. ಕಾಲ ಬುಡದಲ್ಲಿ ಅಗಲಕ್ಕೆ ಹರಡಬೇಕು." ಡಾಕ್ಟರಮ್ಮನೂ ಇದನ್ನೇ ಹೇಳಿದ್ದರು. ಅಗಲ ಬೆಳಕಿನದೊಂದನ್ನು ಕೊಟ್ಟ. ಹಗುರ. ಒತ್ತಿದರೆ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ.

ಸಾಮಾನು ಕೋಣೆಯಲ್ಲಿ ಹಾಕಿ ನೋಡಿದೆ. ಉಂಡೆ ಇಲ್ಲ. ನೆಲ ಮಂಜಿನ ಹಾಗೆ ಸ್ವಲ್ಪ ಕಾಣುತ್ತದೆ. ತಲೆ ಆಡಿಸುತ್ತಿದ್ದರೆ ಇನ್ನೂ ಸ್ವಲ್ಪ. ಸಾಕೋ ಸಾಲದೋ. ಇದಕ್ಕಿಂತ ಹೆಚ್ಚಿನದು ಅಂಗಡಿಯಲ್ಲಿ ಸಿಗುವುದಿಲ್ಲ ಅನ್ನುವುದಂತೂ ಈಗ ಗೊತ್ತು.

ಏಪ್ರಿಲ್ ೧೧, ಶನಿವಾರ, ಸಂಜೆ

ಟೆಂಟಿನ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಕಾಲಿಗೆ ಬೊಬ್ಬೆ ಬಂದಿದೆ. ಅಕ್ಕನ ಗೊರಕೆಗೆ ಕಿವಿಗೆ ಹತ್ತಿ ತಂದಿದ್ದೇನೆ, ಅವಳಿಗೆ ಹೇಳಿಲ್ಲ. ಹಗಲೆಲ್ಲ ಚೆನ್ನಾಗಿ ನಡೆದೆ. ಒಂದು ಕಡೆ ಮಾತ್ರ ಬೇರಿಗೆ ಕಾಲು ಸಿಕ್ಕಿತು. ಅಲ್ಲಿ ಅಕ್ಕನೂ ಎಡವಿದಳು. ಖುಷಿಯಾಯಿತು.

ಎದುರು ಬೆಟ್ಟದ ತುದಿ ಇನ್ನೂ ಕೆಂಪಗಿದೆ. ಕೆಳಗಿನದೆಲ್ಲ ನನ್ನ ಪಾಲಿಗೆ ಆಗಲೇ ಮುಗಿಯಿತು. ಬೇರೆಯವರಿಗೂ ಹೀಗೆಯೇ ಕಾಣುತ್ತದೆಂದು ಎಷ್ಟು ವರ್ಷ ಅಂದುಕೊಂಡಿದ್ದೆನೋ. ಭಯವಾಗುತ್ತಿದೆಯೇ? ಆಗುತ್ತಿದೆ. ಮನೆಯಲ್ಲಿ ಇರಬೇಕಿತ್ತು ಅನಿಸುತ್ತಿದೆಯೇ? ಇಲ್ಲ. ಇದು ಹೇಗೆ ಎರಡೂ ಒಟ್ಟಿಗೆ...

ಅಕ್ಕ ನೀರು ತರಲು ತೊರೆಗೆ ಇಳಿದಿದ್ದಾಳೆ. ಕತ್ತಲಲ್ಲಿ ಅವಳ ಲ್ಯಾಂಪು ಚುಕ್ಕಿಯಾಗಿ ಕಾಣುತ್ತಿತ್ತು. ಕಣ್ಣು ಸ್ವಲ್ಪ ಆಚೀಚೆ ಆದಾಗ ಇಲ್ಲವಾಯಿತು. ಹುಡುಕಿದೆ. ಸಿಕ್ಕಿತು.

ಅಲ್ಲಿಂದಲೇ ಕೂಗಿದಳು. "ಲ್ಯಾಂಪ್ ಹಾಕ್ಕೊಳ್ಳೇ!"

"ಹಾಕ್ಕೊಂಡ್ರೂ ನನಗೇನೂ ಕಾಣಲ್ಲ ಕಣೇ!"

"ನಿನಗಲ್ಲ! ನೀನು ಎಲ್ಲಿದ್ದೀಯ ಅಂತ ನನಗೆ ಕಾಣಬೇಡ್ವಾ?"

ಹಾಕಿಕೊಂಡೆ. ಹಣೆಯ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ಹಗುರ. ಈ ಪುಟ ಬೆಳ್ಳಗಾಯಿತು.

ಅವಳ ಚುಕ್ಕಿ ಈ ಕಡೆ ತಿರುಗಿದೆ. ದೊಡ್ಡದಾಗುತ್ತಿದೆ. ನಾನು ಎದ್ದು ನಿಂತರೆ ಅವಳಿಗೆ ಇನ್ನೂ ಚೆನ್ನಾಗಿ —