ಬೋಳಾದ ಇನ್ಸುಲಿನ್ ಗಿಡ

ರೀ,

ಭದ್ರಾವತಿಗೆ ತಂಗಿ ಮನೆಗೆ ಹೊರಟೆ, ನಾಳೆ ಸಂಜೆ ಬರ್ತೀನಿ. ಅಲ್ಲೀತನಕ ಗಿಡಗಳು ನಿಮ್ಮ ಪಾಲಿಗೆ.

ದೊಡ್ಡಪತ್ರೆ ಬಿಸಿಲಲ್ಲೇ ಇರಲಿ. ಮಣ್ಣು ಒಣಗಿದ್ರೆ ಮಾತ್ರ ನೀರು ಹಾಕಿ, ಹೆಚ್ಚಾದ್ರೆ ಬುಡ ಕೊಳೆಯುತ್ತೆ. ಇನ್ಸುಲಿನ್ ಗಿಡಕ್ಕೆ ನೆರಳು ಬೇಕು, ದಿನಾ ನೀರೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನೀವು ಅದರಿಂದ ದೂರ ಇರಬೇಕು. ವಾಕಿಂಗ್ ಅಂತ ಕೋಟೆ ಕಡೆ ಹೋಗಿ, ಮೈಸೂರ್ ಪಾಕ್ ತಿಂದು ಬಂದು, ಗೇಟಲ್ಲೇ ಅದರ ಒಂದು ಎಲೆ ಅಗಿದು, ಅಲ್ಲಿಗೆ ಎಲ್ಲಾ ಸರಿಹೋಯ್ತು ಅಂದ್ಕೊಳ್ಳೋ ಮಹಾನುಭಾವರು ಇಡೀ ರವೀಂದ್ರನಗರದಲ್ಲಿ ನೀವೊಬ್ಬರೇ. ಗಿಡ ಬೋಳಾಯ್ತು, ನಿಮ್ಮ ಶುಗರ್ ಇಳೀಲಿಲ್ಲ. ಡಾಕ್ಟರ್ ಎದುರು "ನಾನು ಪಥ್ಯದಲ್ಲಿದ್ದೀನಿ" ಅಂದ್ರಲ್ಲ, ನಾನು ಫ್ಯಾನ್ ನೋಡ್ತಾ ಕೂತಿದ್ದೆ.

ದೊಡ್ಡಪತ್ರೆ ಮಾತ್ರ ಸೊಂಪಾಗಿ ಬೆಳೆದಿದೆ. ಅದರಲ್ಲಿ ತಂಬುಳಿ ಆಗುತ್ತೆ, ಕೆಮ್ಮಿಗೆ ಕಷಾಯ ಆಗುತ್ತೆ, ಆದರೆ ತಿಂದ ಸಿಹಿಗೆ ಪ್ರಾಯಶ್ಚಿತ್ತ ಆಗಲ್ಲ ನೋಡಿ, ಅದಕ್ಕೇ ನೀವು ಮುಟ್ಟಲ್ಲ. ತಂಬುಳಿ ಫ್ರಿಜ್ಜಲ್ಲಿದೆ, ಊಟಕ್ಕೆ ಹಾಕ್ಕೊಳ್ಳಿ.

ಮಾತ್ರೆ ಸಿಗಲಿಲ್ಲ ಅಂತ ಫೋನ್ ಮಾಡಬೇಡಿ. ಅಕ್ಕಿ ಡಬ್ಬದ ಹಿಂದೆ ನೀವು ಬಚ್ಚಿಟ್ಟಿರೋ ಕೊಬ್ಬರಿ ಮಿಠಾಯಿ ಡಬ್ಬಿಯಲ್ಲಿ ಇಟ್ಟಿದ್ದೀನಿ. ಅದನ್ನು ತೆಗೆಯೋಕೆ ನೀವು ಯಾವತ್ತೂ ಮರೆತಿಲ್ಲ.

ಮಿಠಾಯಿ ತಂಗಿ ಮಕ್ಕಳಿಗಾಯ್ತು.