ಪೈಪಿನೊಳಗಿನ ಉಸುಕು

ಕೊಟ್ಟೂರು
೧೨ ಸೆಪ್ಟೆಂಬರ್ ೨೦೦೫

ನನ್ನ ಮನೆಯವರಿಗೆ,

ಗೀತಾಂಜಲಿಯ ಶರಣು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಅದಕ್ಕೇ ಬಿಟ್ಟಿದ್ದೇನೆ. ನೀವು ಇಟ್ಟಿಗಿಗೆ, ನಿಮ್ಮ ಅಕ್ಕನ ಮನೆಗೆ ಹೋಗಿ ಇಪ್ಪತ್ತಾರು ದಿನವಾಯಿತು. ನಿನ್ನೆ ಅಕ್ಕ ಶಿವಬಸಮ್ಮನವರು ಫೋನು ಮಾಡಿದ್ದರು. "ನಿನ್ನ ಗಂಡ ಒಂದು ರೊಟ್ಟಿ ಪೂರಾ ತಿನ್ನವಲ್ಲ. ತನ್ನ ಕೈ ನೋಡಿಕೊಂತ ಕುಂದರ್ತಾನ" ಎಂದರು. ಕೈ ನೋಡಿಕೊಳ್ಳುವುದನ್ನು ಬಿಡಿ. ತಪ್ಪು ಆ ಕೈಯದಲ್ಲ.

ಜೀಪು ಮಗುಚಿದರೂ ಒಳಗಿದ್ದವರ ತಲೆ ಉಳಿಯಲಿ ಎಂದೇ ಜನ ಸೀಟಿನ ಹಿಂದೆ ನಮ್ಮ ಕಬ್ಬಿಣದ ಕಮಾನು ಹಾಕಿಸುತ್ತಾರೆ. ಪಾಲಣ್ಣನ ಜೀಪು ಗಣಿಯ ಇಳಿಜಾರಿನಲ್ಲಿ ಮಗುಚಿತು, ಕಮಾನು ಅವನ ಮೇಲೆಯೇ ಕುಸಿಯಿತು, ಅವನು ಅಲ್ಲೇ ಸತ್ತ ಎಂದು ಸುದ್ದಿ ಬಂದಾಗ ನೀವು ಆಡಿದ್ದು ಇಷ್ಟೇ: "ಅವತ್ತು ಕರೆಂಟು ಡಿಮ್ ಇತ್ತು. ನನ್ನ ವೆಲ್ಡಿಂಗ್ ಕೂತಿಲ್ಲ." ಅಷ್ಟು ಹೇಳಿ ಬಸ್ಸು ಹತ್ತಿದಿರಿ. ನಾನು ತಡೆಯಲಿಲ್ಲ. ತಡೆದಿದ್ದರೆ ನಿಜ ಹೇಳಬೇಕಾಗುತ್ತಿತ್ತು.

ಮರುದಿನ ನಾನೊಬ್ಬಳೇ ಹೋಗಿ ಆ ಜೀಪು ನೋಡಿ ಬಂದೆ. ನಿಮ್ಮ ವೆಲ್ಡಿಂಗ್ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಮಡಿಚಿಕೊಂಡಿದ್ದು ಪೈಪು. ಬಗ್ಗಿಸಿದ ಜಾಗದಲ್ಲಿ ಹರಿದು ಬಾಯಿ ಬಿಟ್ಟಿತ್ತು.

ನಿಮ್ಮ ಸೊಂಟ ಹಿಡಿದಾಗಿನಿಂದ ಪೈಪು ತರುವುದು, ಬಗ್ಗಿಸುವುದು ನನ್ನ ಪಾಲಿಗೆ ಬಂತಲ್ಲ. ಪೈಪಿಗೆ ಒಣ ಉಸುಕು ತುಂಬಿ ಕಾಯಿಸಿ ಬಗ್ಗಿಸಿದರೆ ಅದು ಚಪ್ಪಟೆಯಾಗುವುದಿಲ್ಲ, ಆಮೇಲೆ ಬಡಿದು ಬಡಿದು ಉಸುಕನ್ನೆಲ್ಲ ತೆಗೆಯಬೇಕು ಎಂದು ಕಲಿಸಿದವರೇ ನೀವು. ಮದುವೆಯಾದ ಹೊಸದರಲ್ಲಿ ನಾನು ಹಿಟ್ಟಿನ ಜರಡಿಯಲ್ಲಿ ಉಸುಕು ಸೋಸಿದ್ದಕ್ಕೆ ನಿಮ್ಮ ತಾಯಿ ಮೂರು ದಿನ ನನ್ನ ಕೈ ರೊಟ್ಟಿ ಮುಟ್ಟಿರಲಿಲ್ಲ.

ಯುಗಾದಿಯ ಹೊತ್ತಿಗೆ ಪೈಪಿನ ದರ ಎಲ್ಲಿಗೋ ಹೋಯಿತು. ಸುತ್ತಲಿನ ಗುಡ್ಡ ಅಗೆದು ಅದಿರನ್ನು ಲಾರಿಗಟ್ಟಲೆ ಸಾಗಿಸುತ್ತಿದ್ದರು, ಕಬ್ಬಿಣ ತುಟ್ಟಿಯಾದದ್ದು ನಮಗೆ. ಗಣಿ ಗುತ್ತಿಗೆದಾರನ ಕಡೆಯವನು ಮಾತ್ರ ಹಳೆಯ ದರಕ್ಕೇ ಜೋತುಬಿದ್ದ. ಸ್ಟಿಕ್ಕರ್ ಅಂಟಿಸಿದ ಕಂಪನಿ ಮಾಲು ಇನ್ನೂ ಅಗ್ಗಕ್ಕೆ ಬರುತ್ತದೆ ಎಂದು ಹೆದರಿಸಿದ. ಆರ್ಡರು ಕೈತಪ್ಪಿದರೆ ಆ ಸೊಂಟ ಇಟ್ಟುಕೊಂಡು ನೀವು ಇನ್ನೊಬ್ಬರ ಶೆಡ್ಡಿಗೆ ಕೂಲಿಗೆ ಹೋಗಬೇಕಲ್ಲ ಎಂದು ನನಗೆ ಜೀವ ಹೋದಂತಾಯಿತು. ಅವನ ಪರೀಕ್ಷೆ ನಿಮಗೆ ಗೊತ್ತೇ ಇದೆ, ಎರಡೂ ಕೈಯಲ್ಲಿ ಎತ್ತಿ "ತೂಕ ಐತಿ, ಗಾಡಿಗೆ ಹಾಕ್ರಿ" ಎನ್ನುವುದು. ನಾನು ತೆಳು ಪೈಪು ತಂದೆ. ತೂಕ ಬರಲಿ ಎಂದು ಬಗ್ಗಿಸಿದ ಮೇಲೆ ಉಸುಕು ತೆಗೆಯಲಿಲ್ಲ. ತುದಿಗಳೊಳಗೆ ದಪ್ಪ ಪೈಪಿನ ಗೇಣುದ್ದದ ತುಂಡು ಬಡಿದು ಕೂರಿಸಿದೆ, ವೆಲ್ಡಿಂಗ್ ಮಾಡುವಾಗ ನಿಮಗೆ ಅನುಮಾನ ಬಾರದಿರಲಿ ಎಂದು. ತುದಿ ನೋಡಿ ನೀವು "ಪೈಪು ಛಲೋ ತಂದಿ" ಎಂದಿರಿ. ನಾನು ನಕ್ಕೆ ಕೂಡ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಣ್ಣಾದ ಮೂರನೆಯ ದಿನ ಕೂಡ್ಲಿಗಿಗೆ, ಪಾಲಣ್ಣನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಅಂಜಿನಕ್ಕ ನನ್ನನ್ನು ಒಳಗೆ ಕೂರಿಸಿ ಚಹಾ ಕೊಟ್ಟಳು. ಆಮೇಲೆ ಕೇಳಿದಳು: "ಅವನ ಮೈ ತೊಳಿವಾಗ ಕಿವ್ಯಾಗ, ಕೂದಲಾಗ ಬರೇ ಉಸುಕ್ರಿ ಯವ್ವಾ. ಗುಡ್ಡದಾಗ ಬಿದ್ದಾವಗ ಕೆಂಪು ಮಣ್ಣು ಹತ್ತಬೇಕಿತ್ತು. ಬಿಳಿ ಉಸುಕು ಎಲ್ಲಿಂದ ಬಂತು?" ನಾನು ಲೋಟ ಎತ್ತಿ ಚಹಾ ಕುಡಿದೆ. ಲೋಟ ಕೆಳಗಿಟ್ಟು ಎದ್ದು ಬಂದೆ.

ಅಂಥ ಕಮಾನು ಹಾಕಿದ ಜೀಪುಗಳು ಪಾಲಣ್ಣನದನ್ನು ಬಿಟ್ಟು ಇನ್ನೂ ಏಳು ಓಡಾಡುತ್ತಿದ್ದವು. ಹೋದ ವಾರ ನಮ್ಮ ಗ್ಯಾಸ್ ಕಟಿಂಗಿನ ಹುಲುಗಣ್ಣನನ್ನು ಕರೆದುಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಸುತ್ತಿ ಏಳನ್ನೂ ಕತ್ತರಿಸಿ ತಂದೆ. ಹರಪನಹಳ್ಳಿಯವರೊಬ್ಬರು "ಕಲ್ಲಿದ್ದಂಗ ಐತಿ, ಯಾಕೆ ಕೀಳ್ತೀರಿ?" ಎಂದು ಜಗಳಕ್ಕೇ ನಿಂತರು. ಅವರೆದುರೇ ಕತ್ತರಿಸಿ ಉಸುಕು ಸುರಿದು ತೋರಿಸಿದೆ. ಆಮೇಲೆ ಅವರಾಡಿದ ಮಾತು ಬರೆಯುವಂಥದ್ದಲ್ಲ. ಇನ್ನು ನಮ್ಮ ಶೆಡ್ಡಿಗೆ ಯಾರೂ ಬರುವುದಿಲ್ಲ. ಇಟ್ಟಿಗಿಗೆ ಈ ಸುದ್ದಿ ಮುಟ್ಟುವ ಮುಂಚೆ ನನ್ನಿಂದಲೇ ನಿಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಶನಿವಾರ ಮತ್ತೆ ಅಂಜಿನಕ್ಕನ ಬಳಿ ಹೋಗಿ ಎಲ್ಲ ಹೇಳಿದೆ. ಹೊಡೆಯುತ್ತಾಳೆ, ಓಣಿಯ ಮಂದಿಯನ್ನು ಕೂಡಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಎಲ್ಲ ಕೇಳಿಸಿಕೊಂಡಳು. ಕಡೆಗೆ "ಹೊತ್ತಾತ್ರಿ, ನಿಮ್ಮ ಬಸ್ಸು ಹೋಗತೈತಿ" ಎಂದಳು. ಈ ಸಲ ಚಹಾ ಕೊಡಲಿಲ್ಲ. ಪೊಲೀಸರಿಗೆ ಹೇಳುವುದೂ ಬಿಡುವುದೂ ಅವಳಿಗೆ ಬಿಟ್ಟಿದ್ದು. ಯಾರು ಬಂದು ಕೇಳಿದರೂ ನಾನು ನನ್ನ ಹೆಸರನ್ನೇ ಹೇಳುತ್ತೇನೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನೀವು ಬರುವುದಾದರೆ ಬನ್ನಿ, ಬಾರದಿದ್ದರೂ ನಾನು ಯಾಕೆ ಎಂದು ಕೇಳುವುದಿಲ್ಲ. ಹೊಟ್ಟೆ ತುಂಬ ಊಟ ಮಾತ್ರ ಮಾಡಿ.

ನಿಮ್ಮ
ಗೀತಾಂಜಲಿ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಿಲ್ಲ, ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಏಳು ಎಂದು ಮೇಲೆ ಬರೆದದ್ದು ಸುಳ್ಳು, ಎಂಟು. ಒಂದನ್ನು ನಾನು ಕತ್ತರಿಸಿ ತಂದಿಲ್ಲ. ಅದು ನಿಮ್ಮ ಭಾವ ಗುರುಸಂಗಪ್ಪನವರು ಬಾಡಿಗೆಗೆ ಓಡಿಸುವ ಜೀಪಿನಲ್ಲಿದೆ, ನೀವು ಕೂತಿರುವ ಅಂಗಳದಲ್ಲೇ. ಬೀಗರಿಗೆ ಅರ್ಧ ದರಕ್ಕೆ ಕೊಡಬೇಕಲ್ಲ ಎಂದು ಹೊಟ್ಟೆ ಉರಿದು ಅವರಿಗೂ ತೆಳು ಪೈಪನ್ನೇ ಹಾಕಿದ್ದೆ. ನಿನ್ನೆ ಫೋನಿನಲ್ಲಿ ಶಿವಬಸಮ್ಮನವರಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ. ನಾಳೆ ಬೆಳಿಗ್ಗೆ ಭಾವನವರು ಮಂದಿ ಹತ್ತಿಸಿಕೊಳ್ಳುವ ಮುಂಚೆ ಅದನ್ನು ನೀವೇ ಬಿಚ್ಚಿಸಿ. ನಿಮ್ಮ ಅಕ್ಕನ ಮಗಳು ಅಮೃತಾ ದಿನಾ ಅದರ ಕೆಳಗೇ ಕೂತು ಹಡಗಲಿ ಕಾಲೇಜಿಗೆ ಹೋಗುತ್ತಾಳೆ.